ಪೇಂಟ್ ಇಲ್ಲದೆ ಹನ್ನೆರಡು ಗೋಡೆ, ಒಂದೇ ಬೂದು

ಕಾಂಕ್ರೀಟಿನ ಸಹಜ ಬಣ್ಣ ಹಾಗೇ ಉಳಿಸಿ ಹನ್ನೆರಡು ಗೋಡೆಯನ್ನೂ ಒಂದೇ ಬೂದಿನಲ್ಲಿ ತರುತ್ತೇನೆ ಅಂದಾಗ ಜೊತೆಯವರು ಯಾರೂ ನಂಬಲಿಲ್ಲ. "ಕೊನೆಗೆ ಪೇಂಟೇ ಗತಿ, ನೋಡ್ತಿರು" ಅಂದರು. ಪೇಂಟ್ ಡಬ್ಬಿ ತೆರೆಯಲೇ ಇಲ್ಲ.

ಆದರೆ ಶುರುವಿನ ಮೂರು ಗೋಡೆ ಕೆಟ್ಟವು. ಮೊದಲನೆಯದು ಅರ್ಧ ತಿಳಿ, ಅರ್ಧ ಕಡು. ಮರಳಿನ ದೋಷ ಅಂದುಕೊಂಡು ಬೇರೆ ಮರಳು ತರಿಸಿದೆ, ಸುಮ್ನೆ ದಂಡ. ತಪ್ಪು ಇದ್ದದ್ದು ಕಾಂಕ್ರೀಟ್ ಸುರಿಯಲು ಅಚ್ಚಾಗಿ ಕಟ್ಟುವ ಹಲಗೆಯಲ್ಲಿ. ಹೊಸ ಪ್ಲೈವುಡ್ ನೀರು ಹೀರುತ್ತದೆ, ಅಲ್ಲಿ ಗೋಡೆಯ ಮೈ ಕಡುವಾಗುತ್ತದೆ. ಬಳಸಿ ಪಳಗಿದ್ದು ಅಷ್ಟು ಹೀರುವುದಿಲ್ಲ. ನಾನು ಎರಡನ್ನೂ ಸೇರಿಸಿ ಕಟ್ಟಿದ್ದೆ! ಎರಡನೆಯ ಗೋಡೆಗೆ ಎರಡು ಕಾರ್ಖಾನೆಯ ಸಿಮೆಂಟ್ ಬಿತ್ತು. ಬೂದು ಬರುವುದೇ ಸಿಮೆಂಟಿನೊಳಗಿನ ಕಬ್ಬಿಣದಿಂದ. ಅದು ಎಲ್ಲ ಕಡೆ ಒಂದೇ ಇರಲ್ಲ ಅಲ್ವಾ. ಮೂರನೆಯದಕ್ಕೆ ಪ್ಲಾಸ್ಟಿಕ್ ಹೊದಿಸಿ ಕ್ಯೂರಿಂಗ್ ಮಾಡಿದೆ, ಅಂದರೆ ಗಟ್ಟಿಯಾಗುವ ತನಕ ತೇವ ಆರದ ಹಾಗೆ ಕಾಯ್ದೆ. ಹಾಳೆಯ ಸುಕ್ಕೆಲ್ಲ ಮಚ್ಚೆಯಾಗಿ ಗೋಡೆ ಮೇಲೆ ಕೂತಿತು. ಮೂರನ್ನೂ ಒಡೆಸಿದೆ. ಲಾಭದಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲೇ ಹೋಯಿತು.

ಆಮೇಲೆ ಹಟ ಹಿಡಿದೆ. ಇಡೀ ಕೆಲಸಕ್ಕೆ ಒಂದೇ ಲಾಟಿನ ಸಿಮೆಂಟ್. ನೀರು-ಸಿಮೆಂಟ್ ಅನುಪಾತ (ಸಿಮೆಂಟಿನ ತೂಕಕ್ಕೆ ನೀರಿನ ತೂಕ) 0.45ರ ಆಸುಪಾಸು. ನೀರು ಜಾಸ್ತಿಯಾದಷ್ಟೂ ಬಣ್ಣ ತಿಳಿಯಾಗುತ್ತದೆ, ಹಾಗಾಗಿ ನಡುವೆ ಒಂದು ಚೊಂಬು ನೀರು ಸುರಿಯಲೂ ಬಿಡಲಿಲ್ಲ. ಹೊಸ ಹಲಗೆಗೆಲ್ಲ ಮೊದಲೇ ಸಿಮೆಂಟ್ ಹಾಲು ಬಳಿದು, ಒಣಗಿಸಿ, ಕೆರೆದು ಪಳಗಿಸಿದೆ. ಪ್ರತಿ ಗೋಡೆಯ ಹಲಗೆಯನ್ನೂ ನಾಲ್ಕನೇ ದಿನ, ಅದೇ ಹೊತ್ತಿಗೆ ಬಿಚ್ಚಿದ್ದು. ಹಲಗೆಗೆ ಯಾವ ಎಣ್ಣೆ, ಎಷ್ಟು ತೆಳುವಾಗಿ ಅನ್ನೋದು ನನ್ನ ಹತ್ತಿರವೇ ಇರಲಿ.

ನಡುವೆ ಕೆಲವು ತುಂಡು ಎರಕ ಹೊಯ್ದು ನೋಡಿದೆ. ಸಿಮೆಂಟಿನ ಬದಲು ಅರ್ಧದಷ್ಟು ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿ) ಹಾಕಿದ್ದನ್ನು ಬಿಚ್ಚಿದಾಗ ಒಳ್ಳೆ ನೀಲಿ-ಹಸಿರು! ಸ್ಲ್ಯಾಗಿನ ಸಲ್ಫೈಡ್ ಮಾಡುವ ಕೆಲಸ ಅದು. ಗಾಳಿ ತಾಗಿ ಕೆಲವು ವಾರದಲ್ಲಿ ಮಾಯವಾಗಿ, ಗೋಡೆಗಿಂತ ಬೆಳ್ಳಗಾಯಿತು. ಬೇಗ ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದ ತುಂಡು ಕಪ್ಪಿಟ್ಟಿತು. ಕಬ್ಬಿಣ ತೀರಾ ಕಡಿಮೆ ಇರುವ ಬಿಳಿ ಸಿಮೆಂಟನ್ನೂ ನೋಡಿದೆ, ಚೆಂದವೇ. ಖರ್ಚು ಎರಡು-ಮೂರು ಪಟ್ಟು ಅಂತ ಬಿಟ್ಟೆ.

ಮೊದಲ ಮಳೆ ಕಳೆದ ಮೇಲೆ ಒಂಬತ್ತನೇ ಗೋಡೆಯ ಬುಡದಲ್ಲಿ ಬಿಳಿ ಪುಡಿ ಕಂಡಿತು. ಒಳಗಿನ ಸುಣ್ಣ ನೀರಿನ ಜೊತೆ ಹೊರಗೆ ಬಂದದ್ದು. ಒಣ ಬ್ರಷ್‌ನಲ್ಲಿ ಉಜ್ಜಿದೆ, ಹೋಯಿತು. ಉಳಿದ ಹನ್ನೊಂದು ಹಾಗೇ ಇವೆ.