ಅಪ್ಪನಿಗೊಂದು ವ್ಯಾಸಪೀಠ: ಎರಡು ಹಲಗೆ, ಒಂದು ಕಿಂಡಿ

ವ್ಯಾಸಪೀಠ ಎಂದರೆ ಪುಸ್ತಕ ಬಿಡಿಸಿಟ್ಟು ಓದಲು, ಎರಡು ಹಲಗೆಗಳನ್ನು ಕತ್ತರಿಯ ಹಾಗೆ ಒಂದರೊಳಗೊಂದು ತೂರಿಸಿ ಮಾಡಿದ ಪೀಠ. ನಾನು ಮಾಡಿದ ಮೊದಲ ವ್ಯಾಸಪೀಠವನ್ನು ಅಪ್ಪನ ಮುಂದಿಟ್ಟು ಅದರ ಮೇಲೆ ದಪ್ಪದೊಂದು ಪುಸ್ತಕ ಏರಿಸಿದೆ. ಪೀಠ ನಿಧಾನಕ್ಕೆ ಕಾಲು ಚಾಚಿತು, ಮತ್ತೂ ಚಾಚಿತು, ಕೊನೆಗೆ ನೆಲಕ್ಕೆ ಮಲಗಿತು. "ಇದು ವ್ಯಾಸಪೀಠವಾ, ಕೂರುವ ಮಣೆಯಾ?" ಎಂದು ಅಪ್ಪ ಕೇಳಿದರು. ಆಮೇಲೆ ನೆಂಟರಲ್ಲಿ ನಾಲ್ಕೈದು ಮಂದಿ ಇದೇ ಕೆಲಸಕ್ಕೆ ಕೈ ಹಾಕಿದ್ದನ್ನು ನೋಡಿದ್ದೇನೆ. ಎಲ್ಲರೂ ಎಡವುವುದು ಒಂದೇ ಕಡೆ, ನಡುವಿನ ಕಿಂಡಿಯಲ್ಲಿ. ಹಾಗಾಗಿ ಈ ಲೇಖನದಲ್ಲಿ ಮುಕ್ಕಾಲು ಪಾಲು ಕಿಂಡಿಯದ್ದೇ ಮಾತು.

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಮನೆಗಳಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದರೆ ಹಿರಿಯರು ತೋಟಕ್ಕೆ ಇಳಿಯುವುದು ಕಡಿಮೆ. ಜಗಲಿಯಲ್ಲಿ ಕೂತು ಪುರಾಣವೋ, ಯಕ್ಷಗಾನದ ಪ್ರಸಂಗವೋ ಓದುತ್ತಾರೆ. ಪುಸ್ತಕ ತೊಡೆಯ ಮೇಲೆ, ತಲೆ ಬಗ್ಗಿಸಿ ಎರಡು ಗಂಟೆ. ಸಂಜೆಗೆ ಕುತ್ತಿಗೆ ನೋವು. ಅಂಥವರಿಗೆ ಕೊಡಲು ಇದಕ್ಕಿಂತ ಒಳ್ಳೆಯ ಉಡುಗೊರೆ ನನಗೆ ಗೊತ್ತಿಲ್ಲ. ಇದಕ್ಕೆ ಮೊಳೆ ಬೇಡ, ತಿರುಪು ಬೇಡ, ಅಂಟೂ ಬೇಡ. ಒಂದು ಹಲಗೆಯ ಕಿಂಡಿಯೊಳಗೆ ಇನ್ನೊಂದು ಹಲಗೆಯ ಕಾಲು ತೂರಿದರೆ ಮುಗಿಯಿತು. ಬೇಡವಾದಾಗ ಬಿಚ್ಚಿ ಕಪಾಟಿನ ಹಿಂದೆ ನಿಲ್ಲಿಸಬಹುದು.

ಮರ

ಹಲಸು ತೆಗೆದುಕೊಳ್ಳಿ. ಸಾಮಿಲ್ಲಿನಲ್ಲಿ ಮಲಯಾಳದವರಿದ್ದರೆ 'ಪ್ಲಾವು' ಎಂದು ಕೇಳಿ. ಹೊಸದಾಗಿ ಕುಯ್ದಾಗ ಅರಸಿನ ಹಚ್ಚಿದ ಹಾಗೆ ಹಳದಿ ಇರುತ್ತದೆ, ಬೆಳಕು ಬಿದ್ದು ಬಿದ್ದು ಕಂದು ಬಣ್ಣಕ್ಕೆ ತಿರುಗುತ್ತದೆ. ಹೆಬ್ಬಲಸು, ಮಹಾಗನಿ ಕೂಡ ಆದೀತು. ರಬ್ಬರ್ ಮರ ಅಗ್ಗ, ಕೆತ್ತಲೂ ಸುಲಭ. ಆದರೆ ಮದ್ದು ಹಾಕಿ ಸಂಸ್ಕರಿಸದಿದ್ದರೆ ಹುಳ ಹಿಡಿದು ಹಿಟ್ಟು ಉದುರಿಸುತ್ತದೆ. ತೆಂಗಿನ ಮರ ಉಳಿಯ ಬಾಯಿ ಮೊಂಡು ಮಾಡುತ್ತದೆ. ಕಲಿಯುವವರಿಗೆ ಅದು ಬೇಡವೇ ಬೇಡ.

ಹಸಿ ಹಲಗೆ ಮಾತ್ರ ತರಬೇಡಿ. ಒಂದು ಇಂಚು ದಪ್ಪಕ್ಕೆ ನೆರಳಿನಲ್ಲಿ ಒಂದು ವರ್ಷ ಒಣಗಬೇಕು ಎಂಬುದು ಹಳೆಯ ಲೆಕ್ಕ. ಮನೆಯ ಅಟ್ಟದಲ್ಲಿ ಹಳೆಯ ಬಾಗಿಲಿನ ಹಲಗೆ ಇದ್ದರೆ ಪುಣ್ಯ. ಮೂರು ಅಡಿ ಉದ್ದ, 9 ಇಂಚು ಅಗಲ ಇದ್ದರೆ ಸಾಕು. ಮಿಲ್ಲಿನಲ್ಲೇ 18 ಮಿ.ಮೀ. ದಪ್ಪಕ್ಕೆ ಕೀಸಿಸಿಕೊಂಡು ಬನ್ನಿ. ಹಲಸಿನ ನಾರು ಅಡ್ಡಾದಿಡ್ಡಿ ಇರುತ್ತದೆ. ಹೊಸಬರು ಕೀಸುಳಿ ಹಿಡಿದರೆ ಸಿಬಿರು ಏಳುವುದೇ ಜಾಸ್ತಿ.

ಎರಡೂ ತುಂಡು ಒಂದೇ ಹಲಗೆಯಿಂದ ಬರಲಿ. ನಮ್ಮ ಮಳೆಗಾಲದಲ್ಲಿ ಮರ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಇಲ್ಲ. ಒಂದೇ ಹಲಗೆಯಾದರೆ ಕಿಂಡಿಯೂ ಕಾಲೂ ಸರಿಸುಮಾರು ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತವೆ. ಒಂದು ಹಲಸು, ಇನ್ನೊಂದು ತೇಗ ಎಂದು ಚಂದಕ್ಕೆ ಬೆರೆಸಿದರೆ ಜುಲೈಯಲ್ಲಿ ಕಾಲು ಸಿಕ್ಕಿಹಾಕಿಕೊಳ್ಳಬಹುದು.

ಅಳತೆ

16 ಇಂಚಿನ ಎರಡು ತುಂಡು ಮಾಡಿ. ಮೊದಲನೆಯದರಲ್ಲಿ ಕೆಳಗಿನಿಂದ 6 ಇಂಚು ಬಿಟ್ಟು, ನಟ್ಟನಡುವೆ 4 ಇಂಚು ಅಗಲದ ಕಿಂಡಿ. ಎರಡನೆಯದರಲ್ಲಿ ಕೆಳಗಿನ 7 ಇಂಚಿನಷ್ಟು ಭಾಗದ ಎರಡೂ ಬದಿಯನ್ನು ಗರಗಸದಲ್ಲಿ ತೆಗೆದು, ನಡುವೆ 4 ಇಂಚಿಗೆ ಒಂದು ಮಿ.ಮೀ. ಕಮ್ಮಿ ಅಗಲದ ಕಾಲು ಉಳಿಸಿ. ಕಾಲಿನ ಮೇಲೆ ಎರಡು ಬದಿಗೆ ಹೆಗಲು ಸಿಗುತ್ತದೆ. ಆ ಹೆಗಲು ಮೊದಲ ಹಲಗೆಗೆ ಒರಗಿ ನಿಲ್ಲುತ್ತದೆ.

ಇನ್ನು ಕಿಂಡಿಯ ಎತ್ತರ ಎಷ್ಟು? ನಾನು ಸೋತದ್ದು ಇಲ್ಲೇ. "ಸಲೀಸಾಗಿ ತೂರಲಿ" ಎಂದು ಒಂದೂವರೆ ಇಂಚು ಕೊರೆದಿದ್ದೆ. ಪುಸ್ತಕದ ಭಾರಕ್ಕೆ ಎರಡು ಹಲಗೆಗಳು ಅಗಲವಾಗುತ್ತಾ ಹೋಗುತ್ತವೆ. ಕಾಲಿನ ಒಂದು ಮುಖ ಕಿಂಡಿಯ ಮೇಲಂಚಿಗೂ ಇನ್ನೊಂದು ಮುಖ ಕೆಳಅಂಚಿಗೂ ತಾಗಿದ ಕ್ಷಣಕ್ಕೆ ನಿಲ್ಲುತ್ತವೆ. ಅಂದರೆ ಪೀಠ ಎಷ್ಟು ಬಿಚ್ಚಿಕೊಳ್ಳಬೇಕು ಎಂಬುದನ್ನು ತೀರ್ಮಾನಿಸುವುದು ಕಿಂಡಿಯ ಎತ್ತರವೇ. 18 ಮಿ.ಮೀ. ದಪ್ಪದ ಹಲಗೆಗೆ 18 ಮಿ.ಮೀ. ಎತ್ತರದ ಕಿಂಡಿ ಇಟ್ಟರೆ ಪೀಠ 90 ಡಿಗ್ರಿಗೆ ನಿಲ್ಲುತ್ತದೆ. 22 ಇಟ್ಟರೆ 100ರ ಆಸುಪಾಸು, 26 ಇಟ್ಟರೆ 110, 31 ಇಟ್ಟರೆ 120. ನಾಲ್ಕು ಮಿ.ಮೀ. ಹೆಚ್ಚು ಎಂದರೆ ಕಣ್ಣಿಗೆ ಏನೂ ಅಲ್ಲ, ಪೀಠಕ್ಕೆ ಅದು ಹತ್ತು ಡಿಗ್ರಿ! ನನ್ನ ಮಟ್ಟಿಗೆ 22ಕ್ಕಿಂತ ಮೇಲೆ ಹೋಗಲೇಬಾರದು. ನಿಮ್ಮ ಹಲಗೆಯ ದಪ್ಪ ಬೇರೆ ಇದ್ದರೆ ಆ ದಪ್ಪಕ್ಕೆ ಅದರ ಐದನೇ ಒಂದು ಪಾಲು ಸೇರಿಸಿ. ಮಿಲ್ಲಿನವರು ಹೇಳಿದ ದಪ್ಪವನ್ನು ನಂಬಬೇಡಿ, ಅಳೆದು ನೋಡಿ.

ಕಿಂಡಿ ಕೊರೆಯುವುದು

ಗುರುತು ಹಾಕಲು ಪೆನ್ಸಿಲ್ ಬೇಡ, ಹರಿತದ ಚೂರಿ ಬೇಕು. ಪೆನ್ಸಿಲಿನ ಗೆರೆಗೇ ಅರ್ಧ ಮಿ.ಮೀ. ದಪ್ಪ ಇರುತ್ತದೆ. ಚೂರಿಯ ಗೆರೆಯಲ್ಲಿ ಉಳಿ ತಾನಾಗಿ ಕೂರುತ್ತದೆ. ಮೂಲೆಮಟ್ಟವನ್ನು ಹಲಗೆಯ ಒಂದೇ ಅಂಚಿಗೆ ಇಟ್ಟು ಎರಡೂ ಮುಖದಲ್ಲಿ ಗೆರೆ ಎಳೆಯಿರಿ. ಒಮ್ಮೆ ಈ ಅಂಚು, ಒಮ್ಮೆ ಆ ಅಂಚು ಎಂದು ಬದಲಿಸಿದರೆ ಮುಂದಿನ ಮುಖದ ಗುರುತಿಗೂ ಹಿಂದಿನ ಮುಖದ ಗುರುತಿಗೂ ತಾಳೆಯಾಗುವುದಿಲ್ಲ.

ಗೆರೆಯಿಂದ ಎರಡು ಮಿ.ಮೀ. ಒಳಗೆ, 8 ಮಿ.ಮೀ. ಬಿಟ್ ಹಾಕಿ ಡ್ರಿಲ್ಲಿನಲ್ಲಿ ಸಾಲಾಗಿ ತೂತು ಹೊಡೆಯಿರಿ. ಕೆಳಗೆ ಬೇಡದ ಹಲಗೆಯೊಂದು ಇರಲಿ. ಇಲ್ಲದಿದ್ದರೆ ಬಿಟ್ ಹೊರಬರುವಾಗ ಚಕ್ಕೆ ಕಿತ್ತುಕೊಂಡೇ ಬರುತ್ತದೆ. ಆಮೇಲೆ ಉಳಿ. ಒಂದು ಮುಖದಿಂದ ಅರ್ಧ ದಪ್ಪದವರೆಗೆ ಮಾತ್ರ ಕೆತ್ತಿ, ಹಲಗೆ ಮಗುಚಿ ಉಳಿದರ್ಧ ಕೆತ್ತಿ. ಒಂದೇ ಕಡೆಯಿಂದ ಪೂರ್ತಿ ಹೊಡೆದರೆ ಆಚೆ ಮುಖ ಒಡೆಯುವುದು ಖಂಡಿತ. ಚೂರಿಯ ಗೆರೆಗೆ ಮೊದಲೇ ಉಳಿ ಇಡಬೇಡಿ. ಗೆರೆಯ ಒಳಗಿನಿಂದ ತೆಳ್ಳಗೆ ತೆಳ್ಳಗೆ ಹೆರೆಯುತ್ತ ಬಂದು, ಕೊನೆಯ ಹೆರೆತವನ್ನು ಮಾತ್ರ ಗೆರೆಯಲ್ಲಿ ಉಳಿ ನೆಟ್ಟಗೆ ನಿಲ್ಲಿಸಿ ಮಾಡಿ. ಅದಕ್ಕೆ ಕೊಡತಿ ಬೇಡ, ಅಂಗೈಯ ಒತ್ತಡ ಸಾಕು.

ಇನ್ನೊಂದು ಎಚ್ಚರಿಕೆ. ಕಿಂಡಿಯ ಉದ್ದದ ಅಂಚುಗಳು ನಾರಿಗೆ ಅಡ್ಡ ಇವೆ, ಅಲ್ಲಿ ಸ್ವಲ್ಪ ಜೋರಾಗಿ ಹೊಡೆದರೂ ಅಡ್ಡಿಯಿಲ್ಲ. ಎಡ ಬಲದ ಗಿಡ್ಡ ತುದಿಗಳು ನಾರಿನ ಗುಂಟ ಇವೆ. ಅಲ್ಲಿ ಉಳಿ ಇಟ್ಟು ಬಡಿದರೆ ಸೌದೆ ಸೀಳಿದ ಹಾಗೆ ಹಲಗೆ ಸೀಳುತ್ತದೆ. ನನ್ನ ಸೋದರಳಿಯನ ಹಲಗೆ ಹೋದದ್ದು ಹಾಗೆಯೇ, ಅದೂ ಕೆಲಸ ಮುಗಿಯುವ ಹೊತ್ತಿಗೆ.

ಉಳಿ ಹರಿತ ಇಲ್ಲದಿದ್ದರೆ ಇದ್ಯಾವುದೂ ಆಗುವುದಿಲ್ಲ. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಆರು ಉಳಿ ಇಟ್ಟು ಅಗ್ಗಕ್ಕೆ ಮಾರುತ್ತಾರಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಹಲಸಿಗೆ ನಾಲ್ಕು ಏಟು ಕೊಟ್ಟರೆ ಅದರ ಬಾಯಿ ಮಡಚುತ್ತದೆ. ಅದೇ ದುಡ್ಡಿಗೆ ಮುಕ್ಕಾಲು ಇಂಚಿನ ಒಂದೇ ಒಂದು ಒಳ್ಳೆಯ ಉಳಿ, ಒಂದು ಸಾಣೆಕಲ್ಲು ಬರುತ್ತದೆ. ಊರಿನ ಆಚಾರಿಯ ಹತ್ತಿರ ಹೋಗಿ "ಸಾಣೆ ಹಿಡಿಯುವುದು ಹೇಗೆ ಆಚಾರ್ರೇ?" ಎಂದು ಕೇಳಿ. ಹತ್ತು ನಿಮಿಷದಲ್ಲಿ ಅವರು ತೋರಿಸುವುದನ್ನು ನಾನು ಇಲ್ಲಿ ಬರೆದು ಮುಗಿಸಲಾರೆ.

ಕಾಲು ತೂರಿಸಿ ನೋಡುವಾಗ ಬಿಗಿ ಅನಿಸಿದರೆ ಕಿಂಡಿಯನ್ನು ಮುಟ್ಟಬೇಡಿ, ಕಾಲನ್ನು ಉಜ್ಜಿ. ಕಾಲು ತೆಳ್ಳಗೆ ಮಾಡುವುದು ಸುಲಭ, ದೊಡ್ಡದಾದ ಕಿಂಡಿಯನ್ನು ಸಣ್ಣ ಮಾಡಲಾಗದು. ಮರದ ಪುಡಿಗೆ ಅಂಟು ಕಲಸಿ ತುಂಬುವವರಿದ್ದಾರೆ. ಪುಸ್ತಕದ ಭಾರ ಬೀಳುವುದೇ ಆ ಅಂಚಿನ ಮೇಲೆ, ಸುಮ್ನೆ ಉದುರಿಹೋಗುತ್ತದೆ. ಬೇಸಗೆಯಲ್ಲಿ ಮಾಡುತ್ತಿದ್ದರೆ ಒಂದು ಕೂದಲೆಳೆ ಸಡಿಲವೇ ಇರಲಿ. ಮಳೆಗೆ ಕಾಲಿನ ದಪ್ಪವೂ ತುಸು ಹಿಗ್ಗುತ್ತದೆ, ಕಿಂಡಿಯ ಎತ್ತರ ಮಾತ್ರ ಹಿಗ್ಗುವುದಿಲ್ಲ.

ಉಳಿದದ್ದು

ಜೋಡಿಸಿ ಸಮ ನೆಲದಲ್ಲಿ ನಿಲ್ಲಿಸಿ. ಎರಡನೇ ಹಲಗೆಯ ಕಾಲು ತುಸು ಉದ್ದ ಬರುತ್ತದೆ, ಬೇಕೆಂದೇ ಹಾಗೆ ಬಿಟ್ಟದ್ದು. ಅಲುಗದ ಹಾಗೆ ಗುರುತು ಹಾಕಿ ಕತ್ತರಿಸಿ. ಮರಳು ಕಾಗದ 80, 150, 220, ಈ ಕ್ರಮದಲ್ಲಿ, ನಾರಿನ ಗುಂಟ. ಅಂಚುಗಳು ಕೈಗೆ ಚುಚ್ಚದಿರಲಿ. ಹೆಸರು, ತಾವರೆ, ಓಂಕಾರ ಕೆತ್ತುವ ಆಸೆ ಮೊದಲ ಪೀಠದಲ್ಲಿ ಬೇಡ.

ಎಣ್ಣೆಯ ವಿಷಯದಲ್ಲಿ ನಮ್ಮವರು ಮಾಡುವ ತಪ್ಪು ಎರಡು. ಒಂದು, ತೆಂಗಿನೆಣ್ಣೆ. ಅದು ಎಷ್ಟು ದಿನವಾದರೂ ಮರದ ಮೇಲೆ ಒಣಗಿ ಗಟ್ಟಿಯಾಗುವುದಿಲ್ಲ. ಪುಸ್ತಕದ ರಟ್ಟಿಗೆ ಜಿಡ್ಡು, ಜಿಡ್ಡಿಗೆ ಧೂಳು. ಇನ್ನೊಂದು, ಗೇರುಬೀಜದ ಸಿಪ್ಪೆಯ ಎಣ್ಣೆ. ಗೆದ್ದಲು ಬಾರದಂತೆ ಮಾಡಿನ ಪಕಾಸಿಗೆ ಬಳಿಯಲು ಒಳ್ಳೆಯದೇ. ಆದರೆ ಅದು ಮರವನ್ನು ಕಪ್ಪು ಮಾಡುತ್ತದೆ, ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಅಪ್ಪ ದಿನಾ ಕೈಯಿಡುವ ವಸ್ತು ಇದು, ಅಲ್ವಾ? ಪೇಂಟ್ ಅಂಗಡಿಯಲ್ಲಿ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್ ಎಂದು ಕೇಳಿ, ಅಗಸೆ ಎಣ್ಣೆ. ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಪೂರ್ತಿ ಒರೆಸಿ ತೆಗೆಯಿರಿ. ಎರಡು ದಿನ ಬಿಟ್ಟು ಇನ್ನೊಮ್ಮೆ. ಫ್ರೆಂಚ್ ಪಾಲಿಶ್ ಹೊಳಪು ಕೊಡುತ್ತದೆ ನಿಜ, ಆದರೆ ಮಳೆಗಾಲದ ತೇವಕ್ಕೆ ಬೆಳ್ಳಗೆ ಮಂಕು ಹಿಡಿಯುತ್ತದೆ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ಬೆಂಕಿಯೇ ಹತ್ತಬಹುದು. ನೀರಲ್ಲಿ ನೆನೆಸಿ, ಹೊರಗೆ ಹಗ್ಗದ ಮೇಲೆ ಬಿಡಿಸಿ ಒಣಗಿಸಿ, ಆಮೇಲೆ ಬಿಸಾಡಿ.

ಎಣ್ಣೆ ಪೂರ್ತಿ ಒಣಗಲು ಒಂದು ವಾರ ಬೇಕು, ಮಳೆಯಿದ್ದರೆ ಎರಡು. ಅಷ್ಟು ಪುರಸೊತ್ತು ಇಲ್ಲದಿದ್ದರೆ ಎಣ್ಣೆ ಹಚ್ಚದೆಯೇ ಕೊಟ್ಟುಬಿಡಿ, ಮುಂದೆ ಯಾವಾಗಲಾದರೂ ಹಚ್ಚಬಹುದು. ನನ್ನ ಎರಡನೇ ಪೀಠವನ್ನು ಹಾಗೆಯೇ ಕೊಟ್ಟಿದ್ದೆ. ಎಣ್ಣೆ ಹಚ್ಚಲು ಒಂದು ವಾರದ ಮಟ್ಟಿಗೆ ಕೊಡಿ ಎಂದು ಎರಡು ವರ್ಷದಿಂದ ಕೇಳುತ್ತಿದ್ದೇನೆ. ಅಪ್ಪ ಇನ್ನೂ ಬಿಟ್ಟುಕೊಟ್ಟಿಲ್ಲ.