ರೋಡ್ ಸೈಕಲ್ ಟೈರ್‌ಗೆ ಎಷ್ಟು ಗಾಳಿ ಹೊಡೀಬೇಕು?

ಟೈರ್ ಕಲ್ಲಿನ ಥರ ಗಟ್ಟಿ ಇದ್ರೇನೇ ಸ್ಪೀಡು ಅಂತ ತುಂಬಾ ಜನ ನಂಬಿದಾರೆ. ನಾನೂ ಬಹಳ ದಿನ ಹಂಗೇ ಓಡಿಸ್ದೆ, 25 ಎಂಎಂ ಅಗಲದ ಟೈರ್‌ಗೆ 110 ಪಿಎಸ್ಐ (ಗಾಳಿ ಒತ್ತಡದ ಅಳತೆ), ಹ್ಯಾಂಡಲ್ ಜುಮ್ ಅಂತ ನಡುಗ್ತಿದ್ರೆ ಅದೇ ಸ್ಪೀಡ್ ಅನ್ನಿಸೋದು. ಆದ್ರೆ ರೋಡು ಗಾಜಿನ ಥರ ನುಣ್ಣಗಿರಲ್ಲ ಅಲ್ವಾ, ಟೈರ್ ತೀರಾ ಬಿಗಿ ಇದ್ರೆ ಸಣ್ಣ ಸಣ್ಣ ಉಬ್ಬಿಗೂ ಸೈಕಲ್ಲು, ಮೈ ಎರಡೂ ಎಗರತ್ತೆ, ನೀವು ತುಳಿದಿದ್ದರಲ್ಲಿ ಒಂದಷ್ಟು ಆ ಎಗರಾಟಕ್ಕೇ ಹೋಗತ್ತೆ. ತೀರಾ ಕಮ್ಮಿ ಇದ್ರೂ ಕಷ್ಟ, ರಬ್ಬರ್ ಜಾಸ್ತಿ ಮಡಚ್ಕೊಂಡು ಎಳೆದಂಗಾಗತ್ತೆ, ಗುಂಡಿಗೆ ಬಿದ್ರೆ ಟ್ಯೂಬ್ ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದ ಹಾಗೆ ಪಕ್ಕಪಕ್ಕ ಎರಡು ತೂತು.

ಟೈರ್ ಸೈಡಲ್ಲಿ ಬರ್ದಿರೋ ಮ್ಯಾಕ್ಸ್ ನಂಬರು ಇದನ್ನ ದಾಟ್ಬೇಡಿ ಅಂತ ಹೇಳೋದಷ್ಟೇ, ಅಷ್ಟು ಹೊಡೀರಿ ಅಂತಲ್ಲ.

ನಿಮ್ಮ ತೂಕ 70 ಕೆಜಿ ಆಸುಪಾಸು ಇದ್ರೆ, ಟ್ಯೂಬ್ ಹಾಕಿರೋ 25 ಎಂಎಂ ಟೈರ್‌ಗೆ ಹಿಂದೆ 85, 28 ಎಂಎಂಗೆ 70ರ ಹತ್ರ ಇಟ್ಟು ಶುರು ಮಾಡಿ. 5 ಕೆಜಿ ಹೆಚ್ಚುಕಮ್ಮಿ ಆದ್ರೆ ಸುಮಾರು 3 ಪಿಎಸ್ಐ ಹೆಚ್ಚುಕಮ್ಮಿ ಮಾಡ್ಕೊಳ್ಳಿ. ಭಾರ ಜಾಸ್ತಿ ಬೀಳೋದು ಹಿಂದಿನ ಚಕ್ರದ ಮೇಲೆ, ಹಾಗಾಗಿ ಮುಂದೆ 3ರಿಂದ 5 ಕಮ್ಮಿ ಇರ್ಲಿ. ಅಗಲ ರಿಮ್ಮಲ್ಲಿ 25 ಅಂತ ಬರ್ದಿರೋ ಟೈರು 27 ಆಗಿ ಕೂತಿರತ್ತೆ, ಅದಕ್ಕೆ ಹೆಸರು ನೋಡ್ಬೇಡಿ, ಅಳತೆ ಮಾಡಿ. ಹುಕ್‌ಲೆಸ್ ರಿಮ್ (ಟೈರ್ ಅಂಚನ್ನ ಹಿಡ್ಕೊಳ್ಳೋ ಕೊಕ್ಕೆ ಇಲ್ಲದ್ದು) ಆದ್ರೆ 5 ಬಾರ್, ಅಂದ್ರೆ 72.5 ಪಿಎಸ್ಐ ದಾಟಲೇಬಾರದು, ಟೈರ್ ಕಳಚ್ಕೊಂಡು ಬಂದ್ರೆ ಜೀವಕ್ಕೇ ಅಪಾಯ.

ಇದು ಶುರು ಮಾಡೋ ನಂಬರ್ ಅಷ್ಟೇ, ನಿಮ್ಮ ನಂಬರ್ ಸಿಗೋದು ರೋಡಲ್ಲಿ. ದಿನಾ ಓಡಿಸೋ ಒಂದೇ ರೋಡ್ ತಗೊಳ್ಳಿ, ಅದರಲ್ಲಿ ಒರಟು ಜಾಗ ಒಂದು, ತಿರುವು ಒಂದು ಇರ್ಬೇಕು. ಪ್ರತಿ ರೈಡ್‌ಗೂ 3 ಪಿಎಸ್ಐ ಇಳಿಸ್ತಾ ಹೋಗಿ. ಮೊದ್ಲು ಕೈ ಜುಮ್ಮನ್ನೋದು ನಿಲ್ಲತ್ತೆ, ಆಮೇಲೆ ತಿರುವಲ್ಲಿ ಟೈರ್ ರೋಡನ್ನ ಕಚ್ಕೊಂಡು ಹೋಗೋದು ಗೊತ್ತಾಗತ್ತೆ (ನನಗಂತೂ ಇದೇ ದೊಡ್ಡ ಖುಷಿ), ಇನ್ನೂ ಇಳಿಸಿದ್ರೆ ಒಂದಿನ ಎದ್ದು ನಿಂತು ತುಳಿಯುವಾಗ ಹಿಂದಿನ ಚಕ್ರ ಓಲಾಡಿದಂಗೆ ಆಗತ್ತೆ. ಅಲ್ಲಿಂದ 3 ವಾಪಸ್ ಏರಿಸಿ, ಅದನ್ನ ಬರ್ದಿಟ್ಕೊಳ್ಳಿ. ಮಳೆ ಬಂದ್ರೆ ಅದಕ್ಕಿಂತ 5 ಕಮ್ಮಿ ಮಾಡ್ಕೊಂಡು ಹೋಗ್ಬೋದು, ರೋಡ್ ಕೆಟ್ಟಿದ್ರೆ ಒಂಚೂರು ಕಮ್ಮಿ, ಆದ್ರೆ ಗುಂಡಿ ಜಾಸ್ತಿ ಇರೋ ಕಡೆ ಟ್ಯೂಬ್ ಹಾಕ್ಕೊಂಡು ತೀರಾ ಇಳಿಸ್ಬೇಡಿ.

ಪಂಪಿನ ಗೇಜ್ ಒಂದರ ಥರ ಇನ್ನೊಂದು ತೋರ್ಸಲ್ಲ, ಯಾವಾಗ್ಲೂ ಒಂದೇ ಪಂಪ್ ಬಳಸಿ. ಲೇಟೆಕ್ಸ್ ಟ್ಯೂಬ್ (ತೆಳ್ಳನೆ ನೈಸರ್ಗಿಕ ರಬ್ಬರಿನದು) ಆದ್ರೆ ರಾತ್ರಿ ಕಳೆಯೋದ್ರಲ್ಲಿ ಗಾಳಿ ಚೆನ್ನಾಗೇ ಇಳಿದಿರತ್ತೆ, ಪ್ರತಿ ರೈಡ್‌ಗೂ ಮುಂಚೆ ಹೊಡೀಲೇಬೇಕು. ಪಂಪ್ ಸಿಗಿಸೋ ಮುಂಚೆ ಪ್ರೆಸ್ಟಾ ವಾಲ್ವಿನ (ರೋಡ್ ಸೈಕಲ್‌ಗಳಲ್ಲಿರೋ ಸಣ್ಣ ಮೂತಿಯ ವಾಲ್ವ್) ತುದಿ ಲೂಸ್ ಮಾಡಿ ಬೆರಳಲ್ಲಿ ಒಂದ್ಸಲ ಒತ್ತಿ ಪುಸ್ ಅನ್ನಿಸಿ, ಒಳಗೆ ಅಂಟ್ಕೊಂಡಿದ್ರೆ ಗೇಜ್ ಮುಳ್ಳು ಏರ್ತಿರತ್ತೆ, ಟೈರ್ ಒಳಗೆ ಮಾತ್ರ ಗಾಳಿ ಹೋಗಿರಲ್ಲ.