ಅಡಿಕೆಗೂ ಜಾಗ, ಡೇರೆ ಹೂವಿಗೂ ಜಾಗ: ನಮ್ಮನೆ ಅಂಗಳ ಮಾಡಿಕೊಂಡ ಬಗೆ

ಮನೆ ಎದುರು ಚೆಂದ ಕಾಣಬೇಕು ಅಂತ ಫೋನಿನಲ್ಲಿ ಹುಡುಕಿದರೆ ಸಿಗುವುದು ಹುಲ್ಲುಹಾಸು, ಬಿಳಿ ಜಲ್ಲಿ, ಮೂಲೆಯಲ್ಲೊಂದು ಕಾರಂಜಿ. ಸಿರಸಿ ಕಡೆಯ ಹಳ್ಳಿಮನೆಗೆ ಇದ್ಯಾವುದೂ ಆಗಿಬರುವುದಿಲ್ಲ. ಹುಲ್ಲು ಬೆಳೆಸಿದರೆ ಮಳೆಗಾಲದಲ್ಲಿ ಉಂಬಳ (ಜಿಗಣೆ) ಜಗುಲಿವರೆಗೂ ಬರುತ್ತದೆ. ಬಿಳಿ ಜಲ್ಲಿ ಮೊದಲು ಕೆಂಪಾಗುತ್ತದೆ, ಆಮೇಲೆ ಹಾವಸೆ ಹಿಡಿದು ಕಪ್ಪಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನಮ್ಮಲ್ಲಿ ಅಂಗಳ ಸುಮ್ನೆ ನೋಡುವ ಜಾಗ ಅಲ್ವಲ್ಲ. ನಾನು ಗಿಡದ ಮಾತೆತ್ತಿದಾಗ ಮಾವ ಕೇಳಿದ್ದು ಒಂದೇ: "ಹಂಗಾರೆ ಅಡಿಕೆ ಎಲ್ಲಿ ಒಣಗ್ಸದು?"

ಆ ಪ್ರಶ್ನೆ ಹಿಡಿದೇ ಲೆಕ್ಕ ಹಾಕಿದೆ. ಕೊಯ್ಲು ಶುರುವಾಗುವುದು ನವೆಂಬರ್ ಹೊತ್ತಿಗೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಚಾಲಿ ಮಾಡಲು 40ರಿಂದ 45 ದಿನ ಬಿಸಿಲು ಬೇಕು. ಒಂದಾದ ಮೇಲೊಂದು ಅಡಿಕೆ ಗೊನೆ ಬರುತ್ತಲೇ ಇರುವುದರಿಂದ ಬೇಸಿಗೆ ಬರುವವರೆಗೂ ಅಂಗಳ ಬಯಲಾಗಿಯೇ ಇರಬೇಕು. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ಏನೂ ಇರುವುದಿಲ್ಲ. ನೆಂಟರು ಬರುವ ಚೌತಿ, ನವರಾತ್ರಿ ಬೀಳುವುದೂ ಆಗಲೇ. ಹಾಗಾಗಿ ಅಂಚಿನಲ್ಲಿ ಕಾಯಂ ಗಿಡ, ನಡುವೆ ಎತ್ತಿಡಬಹುದಾದ ಹೂವು ಅಂತಾಯಿತು.

ಗಿಡಕ್ಕಿಂತ ಮೊದಲು ನೀರಿನ ಕೆಲಸ. ಮನೆಯಿಂದ ಹೊರಕ್ಕೆ 10 ಅಡಿಗೆ ಎರಡೂವರೆ ಇಂಚಿನಷ್ಟು ಇಳಿಜಾರು ಕೊಟ್ಟೆವು. ಜಾಸ್ತಿ ಕೊಟ್ಟರೆ ಮಳೆ ಮಣ್ಣನ್ನೂ ಹೊತ್ತುಕೊಂಡು ಹೋಗುತ್ತದೆ. ಅಳೆಯಲು ಗಾರೆಯವರ ಲೆವೆಲ್ ಪೈಪ್ ಸಾಕು. ಪಾರದರ್ಶಕ ಪೈಪಿಗೆ ನೀರು ತುಂಬಿ, ಒಂದು ತುದಿಯನ್ನು ಮೆಟ್ಟಿಲ ಹತ್ತಿರದ ಗೂಟಕ್ಕೂ ಇನ್ನೊಂದನ್ನು ದಣಪೆ (ಅಂಗಳದ ಗೇಟು) ಹತ್ತಿರದ ಗೂಟಕ್ಕೂ ಹಿಡಿಯಬೇಕು. ನೀರು ನಿಂತ ಮಟ್ಟಕ್ಕೆ ಎರಡೂ ಕಡೆ ಗುರುತು ಹಾಕಿ, ಗುರುತಿನಿಂದ ನೆಲದವರೆಗೆ ಅಳೆದರೆ ವ್ಯತ್ಯಾಸ ಗೊತ್ತಾಗುತ್ತದೆ. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಲೆಕ್ಕ ತಪ್ಪುತ್ತದೆ, ಬೆರಳಲ್ಲಿ ತಟ್ಟಿ ತಟ್ಟಿ ಹೊರಗೆ ಬಿಡಬೇಕು.

ಹೆಂಚಿನ ಸೂರಿನ ನೀರು ಬೀಳುವ ಗೆರೆಯುದ್ದಕ್ಕೂ ದಪ್ಪ ಜಲ್ಲಿ ಹಾಕಿದೆವು. ಗೋಡೆಗೆ ಕೆಂಪು ಮಣ್ಣು ಸಿಡಿಯುವುದು ನಿಂತಿತು. ಇದು ಹಬ್ಬಕ್ಕೆ ಬಣ್ಣ ಹೊಡೆಸಿದ್ದಕ್ಕಿಂತ ಚೆನ್ನಾಗಿ ಮನೆಯ ಮುಖ ಬದಲಿಸಿತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ದಣಪೆಯಿಂದ ಜಗುಲಿಗೆ ಮೊದಲು ಅಡಿಕೆ ದಬ್ಬೆ, ಅಂದರೆ ಸೀಳಿದ ಅಡಿಕೆ ಮರ, ಹಾಸುತ್ತಿದ್ದೆವು. ಅದು ಬೇಗ ಕುಂಬಾಗಿ ಕೊಳೆಯುತ್ತದೆ. ಈಗ ಚಿರೆಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಕೂರಿಸಿದ್ದೇವೆ, ಒರಟು ಮುಖ ಮೇಲಾಗಿ. ಸಂದಿಗೆ ಸಿಮೆಂಟ್ ಇಲ್ಲ, ಮರಳು ಮಾತ್ರ. ನೀರು ಇಂಗುತ್ತದೆ, ಕಲ್ಲು ಅಲುಗಿದರೆ ಎತ್ತಿ ಕೂರಿಸಬಹುದು. ಅಗಲ ಮಾತ್ರ ಧಾರಾಳವಾಗಿರಲಿ. ಕೊಡೆ ಹಿಡಿದ ಇಬ್ಬರು ಮಾತಾಡುತ್ತ ಬರುವಂತಿರಬೇಕು.

ನೆರಳಿಗೆ ಬಕುಳ ಬೇಕು ಅಂತ ಅತ್ತೆ ಹೇಳಿದರು. ಅದನ್ನು ಅಂಗಳದ ಉತ್ತರದ ತುದಿಗೆ ನೆಟ್ಟೆವು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ದಕ್ಷಿಣದಲ್ಲಿ ಮರವಿದ್ದರೆ ಅಡಿಕೆ ಮೇಲೇ ನೆರಳು. ಪಾಗಾರದ (ಕಾಂಪೌಂಡ್ ಗೋಡೆ) ಪಕ್ಕ ಕೇಪಳ (ಇಕ್ಸೋರಾ) ಮತ್ತು ದಾಸವಾಳ. ಕೇಪಳ ನಮ್ಮ ಬೆಟ್ಟದ್ದೇ ಗಿಡ, ಹುಳಿ ಮಣ್ಣು ಇಷ್ಟ. ಸಿಮೆಂಟ್ ಪಾಗಾರಕ್ಕೆ ತಾಗಿಸಿ ನೆಟ್ಟರೆ ಸುಣ್ಣದ ಅಂಶಕ್ಕೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು. ಎರಡಡಿ ಬಿಟ್ಟು ನೆಟ್ಟು, ಎಲೆಗೊಬ್ಬರ ಕೊಟ್ಟರೆ ಆಯಿತು. ಬುಡಕ್ಕೆ ಬೆಟ್ಟದ ದರಕು ತಂದು ಹಾಸುವುದನ್ನು ಬೇಸಿಗೆಯಲ್ಲಿ ಬಿಟ್ಟಿದ್ದೇವೆ. ಮಂಗನ ಕಾಯಿಲೆ ಹರಡುವ ಉಣ್ಣೆ ಹುಳ ಇರುವುದೇ ಅಂಥ ಒಣ ಎಲೆಯಲ್ಲಿ, ಆ ಕಾಯಿಲೆ ಕಾಣಿಸಿಕೊಂಡ ಸಿದ್ದಾಪುರ ನಮಗೇನು ದೂರವೇ?

ಇನ್ನು ಡೇರೆ, ಅಂದರೆ ಡಾಲಿಯಾ ಹೂವು. ನಮ್ಮ ಕಡೆ ಮಳೆಗಾಲದ ಅಂಗಳ ಅಂದರೆ ಡೇರೆಯೇ. ನೆಲದಲ್ಲಿ ನೆಟ್ಟರೆ ಗೆಡ್ಡೆ ಕೊಳೆಯುತ್ತದೆ, ಅದಕ್ಕೇ ಪ್ಲಾಸ್ಟಿಕ್ ಕೊಟ್ಟೆಯಲ್ಲಿ, ಅಂದರೆ ಚೀಲದಲ್ಲಿ, ನೆಡುವುದು. ಅಡಿಯಲ್ಲಿ ತೂತು, ಮೇಲೆ ಮಣ್ಣು, ಮರಳು, ಹಳೇ ಸಗಣಿ ಗೊಬ್ಬರ. ಗೆಡ್ಡೆ ಆರಿಸುವಾಗ ದಪ್ಪ ನೋಡಬೇಡಿ, ಕುತ್ತಿಗೆ ನೋಡಿ. ಹಳೇ ಕಾಂಡದ ತುಂಡು ಅಂಟಿಕೊಂಡು, ಅದರ ಬುಡದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಕಣ್ಣು ಕಾಣಬೇಕು. ಕಣ್ಣಿಲ್ಲದ ಗೆಡ್ಡೆ ಎಷ್ಟೇ ದಪ್ಪಗಿದ್ದರೂ ಚಿಗುರುವುದಿಲ್ಲ. ಮೇ ಕೊನೆಗೆ ನೆಟ್ಟು, ಮೊಳಕೆ ಕಾಣುವವರೆಗೆ ನೀರು ಕಮ್ಮಿ. ಕೆಲವು ಜೊತೆ ಎಲೆ ಬಂದ ಮೇಲೆ ತುದಿ ಚಿವುಟಿದರೆ ಕವಲೊಡೆಯುತ್ತದೆ. ಒಂದೇ ದೊಡ್ಡ ಹೂವು ಬೇಕಾದವರು ಪಕ್ಕದ ಮೊಗ್ಗು ತೆಗೆಯುತ್ತಾರೆ. ನನಗೆ ಗೊಂಚಲಾಗಿದ್ದರೇ ಇಷ್ಟ. ಊರುಗೋಲನ್ನು ಗೆಡ್ಡೆ ಜೊತೆಗೇ ನೆಡಬೇಕು, ಆಮೇಲೆ ಚುಚ್ಚಿದರೆ ಗೆಡ್ಡೆಗೆ ತಾಗುತ್ತದೆ.

ಬಣ್ಣ ಸಿಕ್ಕಾಪಟ್ಟೆ ಬೆರೆಸಬೇಡಿ. ದಾರಿಯ ಎರಡೂ ಬದಿ ಒಂದೇ ಬಣ್ಣದ ಕೊಟ್ಟೆಗಳ ಸಾಲಿದ್ದರೆ ದಣಪೆ ತೆಗೆದವರ ಕಣ್ಣು ನೇರ ಜಗುಲಿಗೆ ಹೋಗುತ್ತದೆ. ನಾವು ದಾರಿಗೆ ಕೆಂಪು ಇಟ್ಟು, ಉಳಿದ ಬಣ್ಣವನ್ನೆಲ್ಲ ತುಳಸಿಕಟ್ಟೆಯ ಸುತ್ತ ಇಟ್ಟಿದ್ದೇವೆ.

ಅಡಿಕೆ ಕೊಯ್ಲು ಹತ್ತಿರ ಬಂದಂತೆ ಹೂವು ಸಣ್ಣದಾಗುತ್ತದೆ. ಆಗ ಕೊಟ್ಟೆಗಳನ್ನೆಲ್ಲ ಮನೆ ಹಿಂದಕ್ಕೆ ಸಾಗಿಸಿ, ಗಿಡ ಒಣಗಿದ ಮೇಲೆ ಗೆಡ್ಡೆ ತೆಗೆದು ಒಣ ಮರಳಿನಲ್ಲಿ ಇಡುತ್ತೇವೆ. ಚೀಟಿಯಲ್ಲಿ ಬಣ್ಣ ಬರೆದು ಇಡಿ, ಗೆಡ್ಡೆ ನೋಡಿ ಬಣ್ಣ ಹೇಳಲು ಯಾರಿಂದಲೂ ಆಗುವುದಿಲ್ಲ. ಹೊಸ ಬಣ್ಣ ಬೇಕಿದ್ದರೆ ಅಕ್ಕಪಕ್ಕದವರ ಹತ್ತಿರ ಈಗಲೇ ಹೇಳಿಡಬೇಕು. ಮೊದಲ ಮಳೆ ಬಿದ್ದ ಮೇಲೆ ಕೇಳಿದರೆ ಎಲ್ಲರದೂ ನೆಟ್ಟು ಆಗಿರುತ್ತದೆ.